ರತ್ನಗಂಬಳಿಯ ಬೆನ್ನು ನೋಡಿ ಕೊಳ್ಳಿ

ವಿರಾಜಪೇಟೆಯಿಂದ ಇರಿಟ್ಟಿಗೆ ಇಳಿಯುವ ಹಾದಿಯಲ್ಲಿ, ಪೆರುಂಬಾಡಿ ದಾಟಿದ ಮೇಲಿನ ದಟ್ಟ ಕಾಡಿನ ಘಾಟಿ ಮುಗಿಯುವಲ್ಲಿ ಮಾಕುಟ್ಟವಿದೆ. ಬಹುಪಾಲು ಪ್ರಯಾಣಿಕರ ಪಾಲಿಗೆ ಅದೊಂದು ತಪಾಸಣಾ ಠಾಣೆ ಮಾತ್ರ. ಮುಂದೆ ಕೂಟುಪುಳ ಸೇತುವೆ, ಅದರಾಚೆ ಕಣ್ಣೂರು ಜಿಲ್ಲೆ. 2018ರ ಜೂನ್ ತಿಂಗಳಲ್ಲಿ ಗುಡ್ಡ ಕುಸಿದು ಈ ರಸ್ತೆ ಮುಚ್ಚಿದಾಗ ಊರಿನ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತ್ತು. ಇಂಥ ಊರನ್ನು ರತ್ನಗಂಬಳಿಯ ಚರ್ಚೆಗೆ ಎಳೆದು ತರಲು ಕಾರಣವಿದೆ. ನೆಲಹಾಸೊಂದರ ನಿಜವಾದ ಯೋಗ್ಯತೆಯನ್ನು ತಿಳಿಯಬೇಕಾದರೆ ಅದನ್ನು ಮಾಕುಟ್ಟದ ಮಳೆಗಾಲದಲ್ಲಿ ಹಾಸಬೇಕು. ಹವಾನಿಯಂತ್ರಿತ ಮಳಿಗೆಯಲ್ಲಿ ಎಲ್ಲ ಹಾಸುಗಳೂ ಸುಂದರಿಯರೇ.

ಈಚಿನ ವರ್ಷಗಳಲ್ಲಿ 'ಕೈಯಿಂದ ತಯಾರಿಸಿದ್ದು' ಎಂಬ ಚೀಟಿ ಹೊತ್ತ ಉಣ್ಣೆಯ ಹಾಸುಗಳು ನಮ್ಮ ನಗರಗಳಲ್ಲಿ ಧಾರಾಳವಾಗಿ ಮಾರಾಟವಾಗುತ್ತಿವೆ. ಇವುಗಳಲ್ಲಿ ಗಣನೀಯ ಪಾಲು ನೇಯ್ದವೂ ಅಲ್ಲ, ಗಂಟು ಹಾಕಿದವೂ ಅಲ್ಲ. ಟಫ್ಟಿಂಗ್ ಎಂಬ ವಿಧಾನದಲ್ಲಿ ಚುಚ್ಚಿ ಮಾಡಿದವು. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಚಿತ್ರ ಬರೆದು, ಕೈಬಂದೂಕಿನಂಥ ಉಪಕರಣದಿಂದ ನೂಲನ್ನು ಹಿಂಬದಿಯಿಂದ ಒಳಕ್ಕೆ ಚುಚ್ಚುತ್ತ ಹೋಗುತ್ತಾರೆ. ಈ ನೂಲನ್ನು ಹಿಡಿದಿಡುವ ಗಂಟು ಯಾವುದೂ ಇಲ್ಲ. ಹಿಂಬದಿಗೆ ಲೇಟೆಕ್ಸ್ ಅಂಟು ಬಳಿದು, ಅದರ ಮೇಲೆ ಇನ್ನೊಂದು ಬಟ್ಟೆ ಹಚ್ಚಿ, ಮುಂಬದಿಯ ಎಳೆಗಳನ್ನು ಕತ್ತರಿಯಿಂದ ಸಮಗೊಳಿಸಿದರೆ ಹಾಸು ಸಿದ್ಧ. ಕೈಯ ಕೆಲಸ ಎಂಬ ಮಾತು ಸುಳ್ಳಲ್ಲ. ಆದರೆ ಅದು ಪೂರ್ತಿ ಸತ್ಯವೂ ಅಲ್ಲ.

ಲೆಕ್ಕ ನೋಡಿ. ಐದಡಿ ಅಗಲ, ಎಂಟಡಿ ಉದ್ದದ ಹಾಸಿನಲ್ಲಿ 5,760 ಚದರ ಅಂಗುಲಗಳಿವೆ. ಪ್ರತಿ ಚದರ ಅಂಗುಲಕ್ಕೆ ನೂರು ಗಂಟುಗಳೆಂದರೆ 5,76,000 ಗಂಟುಗಳಾದವು. ದಿನಕ್ಕೆ ಆರು ಸಾವಿರ ಗಂಟು ಹಾಕುವ ಕೈ ಎಂದು ಹಿಡಿದರೂ ಒಬ್ಬರಿಗೆ 96 ದಿನಗಳ ಕೆಲಸ. ಅದೇ ಅಳತೆಯ ಟಫ್ಟೆಡ್ ಹಾಸು ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಇದರಲ್ಲಿ ತಪ್ಪೇನಿಲ್ಲ, ಕಡಿಮೆ ಬೆಲೆಗೆ ಸೊಗಸಾದ ಬಣ್ಣ, ಮೆತ್ತನೆಯ ಮೈ ದೊರೆಯುತ್ತದೆ. ತಪ್ಪಿರುವುದು, ಚುಚ್ಚಿದ್ದನ್ನು ಗಂಟು ಹಾಕಿದ್ದರ ದರಕ್ಕೆ ಮಾರುವುದರಲ್ಲಿ.

ಮಾಕುಟ್ಟದ ಈಚೆ ನನ್ನ ಬಂಧುಗಳ ತೋಟದ ಮನೆಯಿದೆ. ಬೆಂಗಳೂರಿನ ಅಂಗಡಿಯೊಂದರಲ್ಲಿ ದುಬಾರಿ ಬೆಲೆ ತೆತ್ತು, ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ ಎಂಬ ಮಾತು ನಂಬಿ ತಂದ ಹಾಸು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮುಗ್ಗಲು ವಾಸನೆ ಹಿಡಿಯಿತು. ಮೂರನೆಯ ವರ್ಷ ಎತ್ತಿ ಕೊಡವಿದಾಗ ಹಳದಿ ಪುಡಿ ಉದುರಿತು. ಅದು ಧೂಳಲ್ಲ, ಸತ್ತ ಅಂಟು. ಸೇತುವೆಯಾಚೆ ಇರಿಟ್ಟಿಯ ಕಡೆ ರಬ್ಬರ್ ತೋಟಗಳ ಸಾಲು ಕಣ್ಣಿಗೆ ಬೀಳುತ್ತದೆ. ರಬ್ಬರಿನ ಹಾಲು ಹೇಗೆ ಮುದಿಯಾಗುತ್ತದೆಂದು ಅಲ್ಲಿನ ಕೂಲಿಕಾರನಿಗೂ ಗೊತ್ತು. ಅಂಟು ಸಹಜ ರಬ್ಬರಿನದಾಗಲಿ ಕೃತಕವಾಗಲಿ, ಬಿಸಿಲು, ಸೆಕೆ, ತೇವಗಳ ಎದುರು ಮೊದಲು ಗಟ್ಟಿಯಾಗಿ, ಬಿರಿದು, ಕೊನೆಗೆ ಪುಡಿಯಾಗುತ್ತದೆ. ಉಣ್ಣೆ ಇನ್ನೂ ಚೆನ್ನಾಗಿರುವಾಗಲೇ ಹಾಸು ಮುಗಿದುಹೋಗಿರುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಮೊದಲು ಹಾಸನ್ನು ಮಗುಚಿ ಹಾಕಿಸಿ. ಗಂಟಿನ ಹಾಸಾದರೆ ಮುಂಬದಿಯ ಚಿತ್ರ ಹಿಂಬದಿಯಲ್ಲೂ ಸ್ಪಷ್ಟವಾಗಿ ಮೂಡಿರುತ್ತದೆ. ಟಫ್ಟೆಡ್ ಆದರೆ ಬಟ್ಟೆ ಎಲ್ಲವನ್ನೂ ಮುಚ್ಚಿರುತ್ತದೆ. ಅಂಚಿನ ಕುಚ್ಚನ್ನೂ ಗಮನಿಸಿ. ಗಂಟಿನ ಹಾಸಿನಲ್ಲಿ ಅದು ಹಾಸುನೂಲಿನದೇ ಮುಂದುವರಿಕೆ, ಟಫ್ಟೆಡ್‌ನಲ್ಲಿ ಪ್ರತ್ಯೇಕವಾಗಿ ಹೊಲಿದ ಅಲಂಕಾರ. ಮೂಗನ್ನೂ ಬಳಸಿ: ಘಾಟು ಜೋರಾಗಿದ್ದರೆ ಅದು ಮನೆಗೆ ಬಂದ ಮೇಲೆ ತಾನಾಗಿ ಹೋಗುತ್ತದೆಂದು ನಂಬಬೇಡಿ. ಹಾಸು ಹೆಣೆದ ಕೈ ಮಗುವಿನದಲ್ಲ ಎಂಬ ಖಾತರಿಯನ್ನೂ ಕೇಳಬೇಕು. ಕೈಲಾಶ್ ಸತ್ಯಾರ್ಥಿಯವರ ಹೋರಾಟದಿಂದ 1994ರಲ್ಲಿ ಆರಂಭವಾದ ರಗ್‌ಮಾರ್ಕ್ ಮುದ್ರೆ ಈಗ ಗುಡ್‌ವೀವ್ ಎಂಬ ಹೆಸರಿನಲ್ಲಿದೆ.

ಗಂಟಿನ ಹಾಸು ನೋಡಲು ಕಾಶ್ಮೀರಕ್ಕೋ ಭದೋಹಿಗೋ ಹೋಗಬೇಕಾಗಿಲ್ಲ. 1960ರಲ್ಲಿ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಾಗ ಅಲ್ಲಿಗೆ ಬಂದ ಟಿಬೆಟನ್ ನಿರಾಶ್ರಿತರು ತಮ್ಮ ಜತೆ ರತ್ನಗಂಬಳಿಯ ವಿದ್ಯೆಯನ್ನೂ ತಂದರು. ಕುಶಾಲನಗರದಲ್ಲಿ ಕಾವೇರಿ ದಾಟಿದರೆ ಆ ನೆಲ. ಟಿಬೆಟನ್ ಪದ್ಧತಿಯಲ್ಲಿ ನೂಲನ್ನು ಒಂದು ಸರಳಿನ ಸುತ್ತ ಸುತ್ತುತ್ತ ಸಾಲು ಮುಗಿಸಿ, ಆಮೇಲೆ ಚಾಕುವಿನಿಂದ ಸರಳಿನುದ್ದಕ್ಕೂ ಕೊಯ್ಯುತ್ತಾರೆ. ಚಿತ್ರದ ಅಂಚುಗಳನ್ನು ಕತ್ತರಿಯಿಂದ ಕೊರೆದು ಉಬ್ಬು ತರಿಸುತ್ತಾರೆ. ಇಲ್ಲಿ ಅಂಟಿನ ಹಂಗಿಲ್ಲ.

ನಮ್ಮದೇ ನವಲಗುಂದದ ಜಮಖಾನೆಯನ್ನೂ ಮರೆಯುವಂತಿಲ್ಲ. ಮುಸ್ಲಿಂ ಹೆಣ್ಣುಮಕ್ಕಳು ಮನೆಯೊಳಗೆ ನಿಲ್ಲಿಸಿದ ಮಗ್ಗದಲ್ಲಿ ನೇಯುವ ಹತ್ತಿಯ ಹಾಸು ಅದು. ಪಗಡೆಯ ಮನೆಗಳು, ನವಿಲುಗಳು ಅದರ ಗುರುತು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತರೂ ಕೊಳ್ಳುವವರ ಸಂಖ್ಯೆ ಮನ್ನಣೆಯಷ್ಟೇ ವೇಗದಲ್ಲಿ ಬೆಳೆದಂತೆ ಕಾಣದು. ಜುಂಗಿಲ್ಲದ ಈ ಹಾಸು ಬೇಗ ಒಣಗುತ್ತದೆ. ಮಲೆನಾಡಿನ ಮನೆಗೆ ಇದಕ್ಕಿಂತ ಬುದ್ಧಿವಂತಿಕೆಯ ಆಯ್ಕೆ ನನಗೆ ತೋಚದು.

ಹಾಗೆಂದು ಟಫ್ಟೆಡ್ ಹಾಸನ್ನು ಮನೆಯಿಂದ ಹೊರಗಿಡಬೇಕೆಂದಲ್ಲ. ಕೊರೋನಾ ಕಾಲದ ಮನೆವಾಸದಲ್ಲಿ ಈ ಕೈಬಂದೂಕು ಹವ್ಯಾಸಿಗಳ ಕೈಗೂ ಬಂದಿತು. ಬೆಂಗಳೂರಿನಲ್ಲೂ ಯುವ ಕಲಾವಿದರು ಗೋಡೆಗೆ ತೂಗುಹಾಕುವ ನೂಲಿನ ಚಿತ್ರಗಳನ್ನು ಮಾಡುತ್ತಿದ್ದಾರೆ. ಕೆಲವು ನಿಜಕ್ಕೂ ಚೆನ್ನಾಗಿವೆ. ತುಳಿತವಿಲ್ಲದ ಗೋಡೆಯೇ ಈ ಕಲೆಗೆ ಯೋಗ್ಯ ಸ್ಥಳವೆಂದು ನನ್ನ ಅಭಿಪ್ರಾಯ. ಆದರೆ ಮಳೆ ಹೊಡೆಯುವ ಹೊರಗೋಡೆಗೆ ಒತ್ತಿ ತೂಗುಹಾಕಬಾರದು. ಮರದ ಪಟ್ಟಿ ಕೊಟ್ಟು ಗಾಳಿಗೆ ಒಂದಂಗುಲ ಜಾಗ ಬಿಡಬೇಕು.

ನೆಲದ ಮೇಲಿರುವುದಕ್ಕೆ ಆರೈಕೆ ಹೆಚ್ಚು. ಹೊಸ ಉಣ್ಣೆಯ ಹಾಸು ಮೊದಲ ಕೆಲವು ತಿಂಗಳು ಎಳೆ ಉದುರಿಸುತ್ತದೆ, ಗಾಬರಿ ಬೇಡ. ತಲೆಯೆತ್ತಿದ ಎಳೆಯನ್ನು ಎಳೆಯದೆ ಕತ್ತರಿಸಿ, ಎಳೆದರೆ ಅಂಟಿನಿಂದ ಕಿತ್ತು ಬರುತ್ತದೆ. ಧೂಳು ಹೀರುವ ಯಂತ್ರದ ತಿರುಗುವ ಕುಂಚವನ್ನು ನಿಲ್ಲಿಸಿಯೇ ಬಳಸಬೇಕು. ಕಾಫಿ ಚೆಲ್ಲಿದರೆ (ಕೊಡಗಿನಲ್ಲಿ ಚೆಲ್ಲದಿರುವುದುಂಟೆ?) ಒಣಬಟ್ಟೆಯಿಂದ ಒತ್ತಿ ಹೀರಿಸಬೇಕು, ಉಜ್ಜಬಾರದು. ಬಟ್ಟೆ ಒಗೆಯುವ ಸೋಡಾಪುಡಿ ಉಣ್ಣೆಗೆ ಶತ್ರು. ಇಡೀ ಹಾಸನ್ನು ನೀರಿನಲ್ಲಿ ನೆನೆಸಿದರಂತೂ ಹಿಂಬದಿಯ ಬಟ್ಟೆ ಬಿಟ್ಟುಕೊಳ್ಳುತ್ತದೆ.

ಜೂನ್ ಬರುವ ಮೊದಲೇ ಅದನ್ನು ಎತ್ತಿಡುವುದು ಒಳ್ಳೆಯದು. ಬೆವರುವ ಸಿಮೆಂಟು ನೆಲದ ಮೇಲೆ ಮಳೆಗಾಲವಿಡೀ ಬಿದ್ದ ಹಾಸಿಗೆ ಬೂಷ್ಟು ತಪ್ಪದು, ಮೇಲ್ಮೈ ಮುಟ್ಟಿದರೆ ತಿಳಿಯುವುದೂ ಇಲ್ಲ. ಉಣ್ಣೆ ಬಹಳಷ್ಟು ತೇವ ಹೀರಿಯೂ ಒಣಗಿದಂತೆಯೇ ನಟಿಸುತ್ತದೆ. ಮೇ ತಿಂಗಳ ನೆರಳಿನಲ್ಲಿ ಚೆನ್ನಾಗಿ ಆರಿಸಿ, ಮಡಚದೆ ಸುರುಳಿ ಸುತ್ತಿ, ಹಳೆಯ ಹತ್ತಿ ಸೀರೆಯಲ್ಲಿ ಹೊದಿಸಿ, ನೆಲದಿಂದ ಮೇಲಿಡಿ. ಮಡಚಿದರೆ ಅಂಟು ಬಿರಿಯುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ತೇವ ಒಳಗೇ ಉಳಿಯುತ್ತದೆ. ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟಕ್ಕಿಂತ ಒಣ ಜಾಗವಿರಲಿಲ್ಲ. ಈಗ ಅಲ್ಲಿಟ್ಟರೆ ಹೊಗೆಯ ವಾಸನೆಯ ಬಗ್ಗೆ ಮನೆಯ ಕಿರಿಯರ ಆಕ್ಷೇಪ ಕೇಳಬೇಕಾದೀತು.

ಪುಡಿಯಾದ ಅಂಟನ್ನು ಕೆರೆದು ತೆಗೆದು, ಹೊಸದಾಗಿ ಬಳಿದು, ಬೇರೆ ಬಟ್ಟೆ ಹಚ್ಚಿಕೊಡುವ ಕುಶಲಿಗಳು ದೊಡ್ಡ ನಗರಗಳಲ್ಲಿ ಸಿಗುತ್ತಾರೆ. ನನ್ನ ಬಂಧುಗಳು ಆ ಹಾಸನ್ನು ಅಂಥ ಒಬ್ಬರಿಗೆ ತೋರಿಸಿದರು. ಅವರು ಮಗುಚಿ ನೋಡಿ, ಇದರ ರಿಪೇರಿ ಖರ್ಚಿಗೆ ಎರಡು ಜಮಖಾನೆ ಬರುತ್ತವಲ್ಲ ಎಂದರಂತೆ.