ಮೊಬೈಲ್ ಮದ್ದು ನಂಬುವ ಮುನ್ನ



ಬಿಳಿಸೆರಗು, ತುರಿಕೆ, ಗಂಡನ ಜೊತೆ ಸೇರುವಾಗ ನೋವು. ಇವನ್ನು ಸಂಘದಲ್ಲಿ ಹೇಳಲು ನಾಚಿಕೆ, ಮನೆಯಲ್ಲಿ ಹೇಳಲು ಅಂಜಿಕೆ. ದೇವರಮನೆ ಕಡೆಯಿಂದ ಮೂಡಿಗೆರೆ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಹಾಗಾಗಿ ಗುಟ್ಟಾಗಿ ಮೊಬೈಲ್ ನೋಡುತ್ತೇವೆ. ಒಂದು ವಿಡಿಯೋ 'ಉಷ್ಣ ಅಷ್ಟೇ' ಅನ್ನುತ್ತದೆ, ಇನ್ನೊಂದು 'ಕ್ಯಾನ್ಸರ್' ಅನ್ನುತ್ತದೆ, ಮೂರನೆಯದು ಮದ್ದು ಮಾರುತ್ತದೆ. ಆಮೇಲೆ ರಾತ್ರಿಯೆಲ್ಲ ನಿದ್ದೆ ಇಲ್ಲ.

ಕಾರಣ ಒಂದೇ ಅಲ್ಲ

ಎರಡು ಮುಟ್ಟಿನ ನಡುವೆ ತೆಳ್ಳಗೆ, ಕೆಟ್ಟ ವಾಸನೆ ಇಲ್ಲದೆ ಬಿಳಿ ಹೋಗುವುದು ಸಹಜ. ಒಡೆದ ಹಾಲಿನ ಹಾಗೆ ಗಟ್ಟಿಯಾಗಿ ಹೋಗಿ ತುರಿಸಿದರೆ ಶಿಲೀಂಧ್ರದ ಸೋಂಕು ಇರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಹೆಚ್ಚು. ಮೀನಿನಂಥ ವಾಸನೆ ಬಂದರೆ ಬೇರೆ ಸೋಂಕು, ಅದಕ್ಕೆ ಮದ್ದೂ ಬೇರೆ. ಮಳೆಗಾಲದಲ್ಲಿ ಒಣಗದ ಒಳಬಟ್ಟೆ ಹಾಕಿಕೊಂಡು ತೋಟದಲ್ಲಿ ದಿನವಿಡೀ ದುಡಿದರೆ ತೊಡೆಸಂದಿಯಲ್ಲಿ ತುರಿಕೆ ಬರುತ್ತದೆ.

ಮುಟ್ಟು ನಿಂತ ಮೇಲೆ, ಮಗುವಿಗೆ ಎದೆಹಾಲು ಕೊಡುವಾಗ, ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ ಒಳಗೆ ಒಣಗುತ್ತದೆ. ಆಗ ಸೇರುವಾಗ ನೋವಾಗಬಹುದು. ಪ್ರೀತಿ ಕಡಿಮೆಯಾಯಿತು ಅಂತ ಅರ್ಥವಲ್ಲ. ಇದಕ್ಕೂ ಚಿಕಿತ್ಸೆ ಇದೆ.

ಕೆಲವು ಸೋಂಕು ಲೈಂಗಿಕ ಸಂಪರ್ಕದಿಂದ ಬರುತ್ತವೆ, ಕೆಲವು ಹಾಗಲ್ಲ. ಪರೀಕ್ಷೆ ಮಾಡಿಸದೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಸಂಶಯಪಟ್ಟು ಸಂಸಾರ ಕೆಡಿಸಿಕೊಳ್ಳಬೇಡಿ.

ಇವನ್ನು ಮಾಡಬೇಡಿ

ನಿಂಬೆರಸ, ಅಡುಗೆ ಸೋಡಾ, ಡೆಟಾಲ್ ಹಾಕಿ ಒಳಗೆ ತೊಳೆಯಬೇಡಿ. ನಮ್ಮನ್ನು ಕಾಯುವ ಒಳ್ಳೆಯ ಸೂಕ್ಷ್ಮಜೀವಿಗಳು ನಾಶವಾಗಿ ಸೋಂಕು ಹೆಚ್ಚುತ್ತದೆ. ಹೊರಭಾಗವನ್ನು ಬರೀ ನೀರಿನಿಂದ ತೊಳೆದರೆ ಸಾಕು. ಕೇಳದೆ ಸ್ಟೀರಾಯ್ಡ್ ಬೆರೆಸಿದ ಮುಲಾಮು ಹಚ್ಚಬೇಡಿ. ತುರಿಕೆ ಎರಡು ದಿನ ನಿಂತ ಹಾಗೆ ಕಂಡು, ಆಮೇಲೆ ಹರಡುತ್ತದೆ.

ನಂಬುವ ಮುನ್ನ ಮೂರು ಪ್ರಶ್ನೆ

1. ಹೇಳುವವರು ಯಾರು? 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ಫೋನಿನಲ್ಲಿ ಚಿಕಿತ್ಸೆ ಕೊಡುವ ವೈದ್ಯರು ತಮ್ಮ ನೋಂದಣಿ ಸಂಖ್ಯೆ ತೋರಿಸಬೇಕು.
2. ಕೊನೆಗೆ ಏನಾದರೂ ಮಾರುತ್ತಾರಾ? ಲೈಂಗಿಕ ಸುಖ ಹೆಚ್ಚಿಸುತ್ತದೆ, ಮುಟ್ಟಿನ ದೋಷ ಸರಿಮಾಡುತ್ತದೆ ಎಂದು ಮದ್ದಿನ ಜಾಹೀರಾತು ಕೊಡುವುದು 1954ರ ಕಾಯ್ದೆಯಲ್ಲಿ ಅಪರಾಧ.
3. 'ಡಾಕ್ಟರ್ ಬೇಡವೇ ಬೇಡ' ಅಂತಾರಾ? ಹಾಗಾದರೆ ಬಿಟ್ಟುಬಿಡಿ. ಮೊಬೈಲ್ ನಿಮ್ಮನ್ನು ಪರೀಕ್ಷೆ ಮಾಡಿಲ್ಲ.

ತಡ ಮಾಡಬೇಡಿ

ಸೇರಿದ ಮೇಲೆ ರಕ್ತ, ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ, ಹುಣ್ಣು, ಜ್ವರದ ಜೊತೆ ಕಿಬ್ಬೊಟ್ಟೆ ನೋವು ಇದ್ದರೆ ಕೂಲಿ ಹೋದರೂ ಸರಿ, ಆಸ್ಪತ್ರೆಗೆ ಹೋಗಿ. ಎಲ್ಲವೂ ಕ್ಯಾನ್ಸರ್ ಅಲ್ಲ. ಆದರೆ ಗರ್ಭಕೊರಳಿನ ಕ್ಯಾನ್ಸರ್ ಬೇಗ ಗೊತ್ತಾದರೆ ಗುಣಪಡಿಸಬಹುದು. 30 ವರ್ಷ ದಾಟಿದವರಿಗೆ ಸರಕಾರದ ತಪಾಸಣೆ ಕಾರ್ಯಕ್ರಮ ಉಂಟು. ಆಶಾ ಕಾರ್ಯಕರ್ತೆಯನ್ನು ಕೇಳಿ. ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಚಿಕಿತ್ಸೆ ಉಚಿತ, ವಿಷಯ ಗುಟ್ಟಾಗಿರುತ್ತದೆ. ವೈದ್ಯರು ಹೇಳಿದರೆ ಗಂಡನನ್ನೂ ಕರೆದುಕೊಂಡು ಹೋಗಿ.

ದೇವರು ಕೊಟ್ಟ ಶರೀರದ ಆರೈಕೆಯಲ್ಲಿ ನಾಚಿಕೆಪಡುವುದೇನೂ ಇಲ್ಲ.

ಸಂಘದಲ್ಲಿ ಚರ್ಚಿಸಿ: ಒಬ್ಬಳೇ ಆಸ್ಪತ್ರೆಗೆ ಹೋಗಲು ಹೆದರುವ ಸದಸ್ಯೆಯ ಜೊತೆ ಯಾರು ಹೋಗುವಿರಿ? ಬಸ್ ಖರ್ಚಿಗೆ ಸಂಘದ ಉಳಿತಾಯದಿಂದ ಸಾಲ ಕೊಡಬಹುದೇ?