ಬಕೆಟ್ಟಿನ ಹಾವಿಗೆ ಪೊರೆ ಕಳಚುವುದೆಂತು?

ಬೇಸಿಗೆ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರದ ಚಹಾದಂಗಡಿಗಳಲ್ಲಿ ಎರಡೇ ಮಾತು. ಒಂದು, ನಳಕ್ಕೆ ನೀರು ಬರಲಿಲ್ಲ. ಇನ್ನೊಂದು, ಮನಿಯಾಗ ಹಾವು ಬಂತು. ನೀರಿನ ಮಾತು ಹೇಗೂ ಇದ್ದೇ ಇದೆ. ಇಂದು ಹಾವಿನದಾಗಲಿ.

ಎರಡು ತಲೆ ಹಾವು ಎಂದು ನಮ್ಮ ಮಂದಿ ಕರೆಯುವ ಮಣ್ಣುಮುಕ್ಕನ ಕಥೆ ಓದುಗರಿಗೆ ಹೊಸದಲ್ಲ. ಅದಕ್ಕಿರುವುದು ಒಂದೇ ತಲೆ. ಬಾಲ ಮೊಂಡಾಗಿರುವುದರಿಂದ ಇನ್ನೊಂದು ತಲೆಯೆಂದು ಭ್ರಮೆ. ವಿಷವಿಲ್ಲ, ಇಲಿ ತಿಂದು ಬದುಕುವ ಸಾಧು ಪ್ರಾಣಿ. ಆದರೂ ನಿಧಿ ತೋರಿಸುತ್ತದೆ, ಲಕ್ಷಗಟ್ಟಲೆಗೆ ಮಾರಾಟವಾಗುತ್ತದೆ ಎಂಬ ಗಾಳಿಸುದ್ದಿ ನಂಬಿ ಬಕೆಟ್ಟಿನಲ್ಲಿ, ಎಣ್ಣೆ ಡಬ್ಬಿಯಲ್ಲಿ ಒಂದು ಹಿಡಿ ಮರಳು ಹಾಕಿ ಮುಚ್ಚಿಡುವವರಿದ್ದಾರೆ. ಗಿರಾಕಿ ಬರುವುದಿಲ್ಲ, ಪೊಲೀಸರು ಬರುತ್ತಾರೆ. ಅಷ್ಟರಲ್ಲಿ ಡಬ್ಬಿಯೊಳಗಿನ ಹಾವಿನ ಮೈ ಮಂಕಾಗಿ, ಕಣ್ಣಿಗೆ ಹಾಲು ಬಳಿದಂತಾಗಿರುತ್ತದೆ. “ಹಾವು ಕುರುಡಾತು ನೋಡ್ರೀ” ಎನ್ನುತ್ತಾರೆ. ಕುರುಡಲ್ಲ ಸ್ವಾಮಿ, ಪೊರೆ ಬಂದಿದೆ.

ಹಾವಿಗೆ ನಮ್ಮಂತೆ ಕಣ್ಣಿನ ರೆಪ್ಪೆಯಿಲ್ಲ. ಕಣ್ಣಿನ ಮೇಲೊಂದು ಗಾಜಿನಂಥ ಹುರುಪೆ, ಅದೂ ಚರ್ಮದ್ದೇ ಭಾಗ. ಹಳೆಯ ಚರ್ಮದ ಕೆಳಗೆ ಹೊಸದು ತಯಾರಾದಾಗ ಎರಡರ ನಡುವೆ ತೆಳುವಾದ ದ್ರವ ತುಂಬುತ್ತದೆ, ಕಣ್ಣು ಮಬ್ಬಾಗುತ್ತದೆ. ಕೆಲವು ದಿನ ಕಳೆದರೆ ಮಬ್ಬು ತಿಳಿಯಾಗುತ್ತದೆ. ಆಮೇಲೆ ಹಾವು ಒರಟು ಜಾಗಕ್ಕೆ ಮೂತಿ ತಿಕ್ಕಿ, ತುಟಿಯ ಹತ್ತಿರ ಚರ್ಮ ಬಿಡಿಸಿಕೊಂಡು, ಕಾಲುಚೀಲ ಒಳಹೊರಗು ಮಾಡಿ ತೆಗೆದಂತೆ ಹೊರಬರುತ್ತದೆ. ಪೊರೆ ಹಾವಿಗಿಂತ ಉದ್ದ ಕಾಣುವುದು ಹಿಗ್ಗಿದ್ದರಿಂದ. ಉದ್ದ ನೋಡಿ ಎದೆ ಒಡೆದುಕೊಳ್ಳಬೇಡಿ.

ಈ ಕೆಲಸಕ್ಕೆ ಎರಡು ಬೇಕು. ತಿಕ್ಕಲು ಒರಟು, ಮೈಗೆ ತೇವ. ಬಕೆಟ್ಟಿನಲ್ಲಿ ಎರಡೂ ಇಲ್ಲ. ಪ್ಲಾಸ್ಟಿಕ್ಕು ನುಣುಪು, ಒಣ ಮರಳು ಇದ್ದಬದ್ದ ತೇವವನ್ನೂ ಹೀರುತ್ತದೆ. ಆಗ ಪೊರೆ ಚೂರುಚೂರಾಗಿ ಕಿತ್ತು ಬರುತ್ತದೆ. ಬಾಲದ ತುದಿಯಲ್ಲಿ ಉಳಿದ ಚೂರು ಉಂಗುರದಂತೆ ಬಿಗಿದು ರಕ್ತ ಓಡದೆ ಬಾಲವೇ ಒಣಗಿ ಉದುರಬಹುದು. ಕಣ್ಣಿನ ಹುರುಪೆ ಉಳಿದರೆ ಆಗ ನಿಜಕ್ಕೂ ಕಣ್ಣಿಗೆ ಅಪಾಯ. ಹಾವಾಡಿಗರ ಒಣ ಬುಟ್ಟಿಯ ನಾಗರಕ್ಕೂ ಇದೇ ಪಾಡು.

ಹೊಲದಲ್ಲಿ ಹಾವಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ನಮ್ಮ ಎರಿ ಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿಬಿಡುತ್ತದೆ. ಮೇಲೆ ಕಾದ ಹೆಂಚು, ಬಿರುಕಿನ ಆಳದಲ್ಲಿ ತಂಪು. ಮಸಾರಿ ಭೂಮಿ ಸಡಿಲ, ಮಣ್ಣುಮುಕ್ಕನಿಗೆ ಅದೇ ಪ್ರೀತಿ, ಬೇಕಾದಷ್ಟು ಕೆಳಗಿಳಿದು ಹಸಿ ಹುಡುಕಿಕೊಳ್ಳುತ್ತದೆ. ಯಾದಗಿರಿ ಕೋಟೆ ಗುಡ್ಡ, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸುರಪುರದ ಬಂಡೆಗಳು, ಹೊಲದ ಒಡ್ಡಿನ ಕಲ್ಲುಗುಂಪಿ, ಮೈ ತಿಕ್ಕಲು ಇದಕ್ಕಿಂತ ಇನ್ನೇನು ಬೇಕು? ಎಲ್ಲಕ್ಕಿಂತ ಮೇಲು ಹುತ್ತ. ಗೆದ್ದಲು ತನ್ನ ಸಂಸಾರಕ್ಕೆಂದು ಒಳಗೆ ತೇವ ಕಾಯ್ದುಕೊಂಡಿರುತ್ತದೆ, ಪುಕ್ಕಟೆ ಲಾಭ ಹಾವಿಗೆ. ಪಂಚಮಿಗೆ ನಾವು ಆ ಹುತ್ತಕ್ಕೆ ಹಾಲು ಸುರಿದು ಬರುತ್ತೇವೆ. ಹಾವಿಗೆ ಹಾಲು ಆಹಾರವಲ್ಲ, ಆ ಮಾತು ಬೇರೆ. ಗುರುಮಠಕಲ್ ಕಡೆಯ ಕಂದಕೂರಿನಲ್ಲಿ ಅದೇ ದಿನ ಗುಡ್ಡದ ಕಲ್ಲು ಎತ್ತಿ ಚೇಳು ಹಿಡಿದು ಮೈಮೇಲೆ ಬಿಟ್ಟುಕೊಳ್ಳುತ್ತಾರಲ್ಲ, ಆ ಚೇಳೂ ಕಲ್ಲಿನ ಅಡಿಯ ತಂಪಿಗೇ ಸೇರಿರುತ್ತದೆ.

ಮೃಗಾಲಯಗಳಲ್ಲಿ, ಹೊರದೇಶಗಳಲ್ಲಿ ಹಾವು ಸಾಕುವವರು ನಮ್ಮ ಹುತ್ತವನ್ನೇ ಪೆಟ್ಟಿಗೆಯಲ್ಲಿ ನಕಲು ಮಾಡುತ್ತಾರೆ. ತಳಕ್ಕೆ ತೆಂಗಿನ ನಾರಿನ ಪುಡಿ ಹಾಸುತ್ತಾರೆ. ಅದು ನೀರು ಹಿಡಿದಿಟ್ಟು ನಿಧಾನ ಬಿಡುತ್ತದೆ. ಒಂದು ಮೂಲೆಯಲ್ಲಿ ಹಸಿ ಪಾಚಿ ತುಂಬಿದ ಡಬ್ಬಿ, ಪಕ್ಕದಲ್ಲಿ ಒರಟು ಕಲ್ಲೋ ಕಟ್ಟಿಗೆಯೋ. ದೇವದಾರಿನ ಹೊಟ್ಟು ಮಾತ್ರ ಬೇಡವೆನ್ನುತ್ತಾರೆ, ಅದರ ಎಣ್ಣೆಯ ಘಾಟು ಹಾವಿನ ಉಸಿರಿಗೆ ಕೆಡುಕು. ಹಾಗೆಂದು ಕೆಸರು ಮಾಡಿದರೂ ತಪ್ಪೇ. ಸದಾ ಒದ್ದೆಯಲ್ಲಿ ಬಿದ್ದ ಹಾವಿನ ಹೊಟ್ಟೆಯಡಿ ಬೊಬ್ಬೆಯೆದ್ದು ಕೀವಾಗುತ್ತದೆ. ತಳ ಹಸಿಯಾಗಿರಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು.

ಇದನ್ನೋದಿ ಯಾರೂ ನಾರಿನ ಪುಡಿ ತರಲು ಓಡಬೇಡಿ. ನಮ್ಮ ನೆಲದ ಹಾವನ್ನು ಹಿಡಿಯುವುದೂ ಇಟ್ಟುಕೊಳ್ಳುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಪರದೇಶದ ಹಾವಿನ ಶೋಕಿ ಬೆಂಗಳೂರಿಗೆ ಬಂದಾಗಿದೆ. 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪೆಟ್ಟಿಗೆಗಳಲ್ಲಿ 55 ಬಾಲ್ ಪೈಥಾನ್ ಸಿಕ್ಕವು. ಅಂಥವನ್ನು ಇಟ್ಟುಕೊಂಡವರು ಸರಕಾರದಲ್ಲಿ ನೋಂದಾಯಿಸಬೇಕೆಂದು 2024ರಲ್ಲಿ ನಿಯಮವೂ ಬಂತು. ನಮ್ಮ ಬಕೆಟ್ಟಿನವರಿಗೆ ಆ ದಾರಿಯೂ ಇಲ್ಲ. ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ಉಳಿದದ್ದು. ಅಲ್ಲಿಯವರೆಗೆ ಅರ್ಧ ಕಳಚಿದ ಪೊರೆಯನ್ನು ಉಗುರಿನಿಂದ ಎಳೆಯಬೇಡಿ. ಹೊಸ ಚರ್ಮವೇ ಹರಿದು ಬಂದೀತು.

ಇನ್ನು ಮನೆಯ ಮಾತು. ನಾರಾಯಣಪುರದ ಕಾಲುವೆ ಬಂದಮೇಲೆ ಸುರಪುರ, ಶಹಾಪುರದ ಕಡೆ ಭತ್ತ ಬಂತು. ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಬಚ್ಚಲ ಹಿಂದಿನ ಹಸಿ ಮೂಲೆ, ನೀರಿನ ಗಡಿಗೆಯ ಸಂದಿ, ಕುಳ್ಳಿನ ಒಟ್ಟಿಲು, ಪೊರೆ ಬಂದ ಹಾವು ಸೇರುವುದು ಇಂಥಲ್ಲೇ. ಆಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಹೆದರಿಕೆ ಜಾಸ್ತಿ, ಹತ್ತಿರ ಹೋದವರಿಗೆ ಹೊಡೆಯುವುದೂ ಜಾಸ್ತಿ. ಕೈ ಹಾಕುವ ಮೊದಲು ಕೋಲು ಆಡಿಸಿ, ರಾತ್ರಿ ಬ್ಯಾಟರಿ ಹಿಡಿಯಿರಿ. ಕಚ್ಚಿದರೆ ಕುಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕೈಕಾಲು ಆಡಿಸದೆ ನೆಟ್ಟಗೆ ಸರಕಾರಿ ಆಸ್ಪತ್ರೆಗೆ ನಡೆಯಿರಿ, 108ಕ್ಕೆ ಫೋನು ಮಾಡಿ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಕರ್ನಾಟಕ ಸರಕಾರ 2024ರಲ್ಲೇ ಆದೇಶ ಮಾಡಿದೆ. ಮಂತ್ರವಾದಿಯ ಅಂಗಳದಲ್ಲಿ ಸತ್ತವನು ಆ ಲೆಕ್ಕಕ್ಕೆ ಸಿಗುವುದಿಲ್ಲ.

ಜೋಳದ ಚೀಲದ ಹಿಂದೆ ಪೊರೆ ಸಿಕ್ಕಿತೇ? ಅದರ ಮೇಲೆ ಕಟ್ಟಿಗೆ ಹಿಡಿದು ಬಡಿದಾಡಬೇಡಿ, ಹಾವು ಕಳಚಿ ಹೋಗಿರುತ್ತದೆ. ಆದರೆ ಪೊರೆ ಬಿಟ್ಟ ಹಾವಿಗೆ ಹಸಿವು ಬಲು. ಮೊದಲು ಇಲಿಯ ಬಿಲ ಮುಚ್ಚಿಸಿ.