ಅಗೆದರೆ ಸಿಗದ ತಂಪು: ಮನೆಯೊಳಗೊಂದು ವೈನ್ ಕೋಣೆ

ದ್ರಾಕ್ಷಿಯ ರಸ ಹುದುಗಿ ವೈನ್ ಆಗಿ, ಬಾಟಲಿಗೆ ಇಳಿದು, ಅದರ ಬಾಯಿಗೆ ಬಿರಡೆ ಬಿದ್ದ ಮೇಲೂ ಒಳಗಿನ ರಾಸಾಯನಿಕ ಕ್ರಿಯೆಗಳು ನಿಲ್ಲುವುದಿಲ್ಲ. ನಾಲಿಗೆಗೆ ಒಗರನ್ನು ಕೊಡುವ ಟ್ಯಾನಿನ್ ಎಂಬ ಸಂಯುಕ್ತಗಳು ಬಣ್ಣದ ಅಣುಗಳೊಡನೆ ಬೆಸೆದುಕೊಂಡು ವರ್ಷಗಳ ಅವಧಿಯಲ್ಲಿ ಮೃದುವಾಗುತ್ತವೆ, ಹಣ್ಣಿನ ಪರಿಮಳ ಹಿಂದೆ ಸರಿದು ಬೇರೆ ಪರಿಮಳಗಳು ಮುಂದೆ ಬರುತ್ತವೆ. ಈ ಮಾಗುವಿಕೆಯಲ್ಲಿ ಆಮ್ಲಜನಕದ ಪಾತ್ರವೇನೆಂಬುದನ್ನು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ 1866ರಲ್ಲಿ ಪ್ರಕಟಿಸಿದ ವೈನ್ ಕುರಿತ ಗ್ರಂಥದಲ್ಲಿ ವಿವರಿಸಿದನು. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಬಹುತೇಕ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುವುದರಿಂದ, ಹತ್ತು ವರ್ಷ ನಿಧಾನವಾಗಿ ಮಾಗಬೇಕಾದ ವೈನ್ ಬೆಚ್ಚಗಿನ ಕಪಾಟಿನಲ್ಲಿ ಬೇಗನೆ ಮುದಿಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಬಿಸಿಗೆ ಹಿಗ್ಗಿದ ದ್ರವವು ಬಿರಡೆಯನ್ನು ಹೊರಕ್ಕೆ ಒತ್ತಿ, ತಣಿದಾಗ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆದುದರಿಂದ 12ರಿಂದ 13 ಡಿಗ್ರಿ ಸೆಲ್ಸಿಯಸ್‌ನ ಏರಿಳಿತವಿಲ್ಲದ ತಂಪು, ಶೇ 60ರಿಂದ 70ರಷ್ಟು ಸಾಪೇಕ್ಷ ಆರ್ದ್ರತೆ ಮತ್ತು ಕತ್ತಲೆ, ಈ ಮೂರನ್ನು ವೈನ್ ಸಂಗ್ರಹದ ಮೂಲಭೂತ ಅಗತ್ಯಗಳೆಂದು ಪರಿಗಣಿಸಲಾಗಿದೆ. ಸಾಪೇಕ್ಷ ಆರ್ದ್ರತೆ ಎಂದರೆ ಗಾಳಿಯು ಆ ಉಷ್ಣಾಂಶದಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಗರಿಷ್ಠ ನೀರಾವಿಯಲ್ಲಿ ಎಷ್ಟು ಪಾಲು ನಿಜವಾಗಿ ಅದರಲ್ಲಿದೆ ಎಂಬ ಅಳತೆ.

ಯುರೋಪಿನಲ್ಲಿ ಈ ಮೂರನ್ನೂ ನೆಲವೇ ಒದಗಿಸಿತು. ಪ್ಯಾರಿಸ್ ಖಗೋಳ ವೀಕ್ಷಣಾಲಯದ ಕೆಳಗೆ ಸುಮಾರು 28 ಮೀಟರ್ ಆಳದಲ್ಲಿರುವ ನೆಲಮಾಳಿಗೆಯಲ್ಲಿ ಬೇಸಿಗೆ ಚಳಿಗಾಲಗಳ ಭೇದವಿಲ್ಲದೆ ಉಷ್ಣಾಂಶ 12 ಡಿಗ್ರಿಯ ಆಸುಪಾಸಿನಲ್ಲಿ ನಿಂತಿರುವುದನ್ನು ಹದಿನೇಳನೆಯ ಶತಮಾನದಿಂದಲೇ ಅಲ್ಲಿನ ವಿಜ್ಞಾನಿಗಳು ಗಮನಿಸಿದ್ದರು, ಮತ್ತು ರಸಾಯನಶಾಸ್ತ್ರಜ್ಞ ಲಾವೊಸಿಯೆ ತಯಾರಿಸಿದ ಸೂಕ್ಷ್ಮ ಉಷ್ಣಮಾಪಕವನ್ನು 1783ರಲ್ಲಿ ಅಲ್ಲಿಯೇ ಸ್ಥಾಪಿಸಲಾಯಿತು. ಷಾಂಪೇನ್ ಪ್ರಾಂತದ ರೀಮ್ಸ್ ನಗರದಲ್ಲಿ ಪ್ರಾಚೀನ ಕಾಲದ ಸುಣ್ಣಕಲ್ಲಿನ ಗಣಿಗಳನ್ನೇ ವೈನ್ ತಯಾರಕರು ಉಗ್ರಾಣಗಳನ್ನಾಗಿ ಮಾಡಿಕೊಂಡರು. 2015ರಲ್ಲಿ ಯುನೆಸ್ಕೊ ಆ ಪ್ರಾಂತದ ಬೆಟ್ಟ, ಮನೆ ಮತ್ತು ನೆಲಮಾಳಿಗೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ಮನೆಗಳಲ್ಲಿ ಕಟ್ಟಲಾಗುವ ವೈನ್ ಕೋಣೆಗಳ ಕಮಾನು, ಒರಟು ಕಲ್ಲು ಮತ್ತು ಮಂದ ಬೆಳಕುಗಳೆಲ್ಲ ಆ ಗುಹೆಗಳ ನೆನಪಿನಿಂದ ಬಂದವು.

ಆದರೆ ರೂಪವನ್ನು ತಂದವರು ಅದರ ಹಿಂದಿನ ಕಾರಣವನ್ನು ಹಲವು ಸಲ ಮರೆತಿದ್ದಾರೆ. ಭೂಮಿಯ ಮೇಲ್ಪದರದಿಂದ ಹತ್ತಾರು ಮೀಟರ್ ಕೆಳಗೆ ಮಣ್ಣಿನ ಉಷ್ಣಾಂಶವು ಆ ಊರಿನ ಗಾಳಿಯ ವಾರ್ಷಿಕ ಸರಾಸರಿಗೆ ಹತ್ತಿರವಾಗಿ ಸ್ಥಿರವಾಗುತ್ತದೆ. ಪ್ಯಾರಿಸ್ಸಿನ ನೆಲಕ್ಕೆ ಹನ್ನೆರಡು ಡಿಗ್ರಿ ಒದಗಿದ್ದು ಅಲ್ಲಿನ ವಾರ್ಷಿಕ ಸರಾಸರಿಯೇ ಅಷ್ಟಾಗಿರುವುದರಿಂದ. ಬೆಂಗಳೂರಿನ ಸರಾಸರಿ ಸುಮಾರು 24 ಡಿಗ್ರಿ, ಮಂಗಳೂರಿನದು 27ರ ಸಮೀಪ. ಹೀಗಾಗಿ ಇಲ್ಲಿ ಎಷ್ಟು ಆಳಕ್ಕೆ ಅಗೆದರೂ ಸಿಗುವುದು ಏರಿಳಿತವಿಲ್ಲದ ಬೆಚ್ಚಗಿನ ನೆಲವೇ ಹೊರತು ವೈನಿಗೆ ಬೇಕಾದ ತಂಪಲ್ಲ. ಉತ್ತರ ಕರ್ನಾಟಕದ ರೈತರು ನೆಲದಲ್ಲಿ ಹಗೇವು ತೋಡಿ ಜೋಳವನ್ನು ವರ್ಷಗಟ್ಟಲೆ ಕಾಪಾಡಿದರು ನಿಜ, ಆದರೆ ಆ ಯಶಸ್ಸಿಗೆ ಕಾರಣ ಒಣ ನೆಲ ಮತ್ತು ಗಾಳಿಯಾಡದಂತೆ ಮುಚ್ಚಿದ ಬಾಯಿ, ತಂಪಲ್ಲ. ಆದ್ದರಿಂದ ದಖ್ಖನಿನ ಮನೆಯಲ್ಲಿ ವೈನ್ ಕೋಣೆ ನೆಲದಡಿಯಲ್ಲಿರಲೇಬೇಕೆಂಬ ಹಟಕ್ಕೆ ಆಧಾರವಿಲ್ಲ. ಪಡುವಣ ಬಿಸಿಲು ತಾಗದ, ಅಡುಗೆಮನೆಗೂ ಬಟ್ಟೆ ಒಗೆಯುವ ಯಂತ್ರಕ್ಕೂ ದೂರವಾದ, ಹೊರಗೋಡೆಯಿಲ್ಲದ ನಡುಮನೆಯ ಮೂಲೆ ಅಥವಾ ಮೆಟ್ಟಿಲಿನ ಕೆಳಗಿನ ಜಾಗ ಅಷ್ಟೇ ಯೋಗ್ಯವಾಗಿರುತ್ತದೆ.

ಫ್ರಾನ್ಸಿನಲ್ಲಿ ನೆಲ ಮಾಡುವ ಕೆಲಸವನ್ನು ಇಲ್ಲಿ ಗೋಡೆ ಮಾಡಬೇಕು. ಶಾಖವು ಹಾದುಹೋಗುವುದನ್ನು ತಡೆಯುವ ಪದರಕ್ಕೆ ಉಷ್ಣನಿರೋಧಕ ಎನ್ನುತ್ತಾರೆ; ಶೀತಲಗೃಹಗಳನ್ನು ಕಟ್ಟುವವರು ಬಳಸುವ, ಎರಡು ಲೋಹದ ಹಾಳೆಗಳ ನಡುವೆ ಪಾಲಿಯುರಿಥೇನ್ ನೊರೆಯನ್ನು ತುಂಬಿದ ಪಫ್ ಪ್ಯಾನೆಲ್ ಇದಕ್ಕೆ ಭಾರತದಲ್ಲಿ ಸುಲಭವಾಗಿ ದೊರೆಯುವ ಉತ್ತಮ ಸಾಮಗ್ರಿ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಣೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಗೋಡೆ, ಸೂರು ಮತ್ತು ನೆಲ ಸೇರಿ ಅದರ ಮೇಲ್ಮೈ 28 ಚದರ ಮೀಟರ್ ಆಗುತ್ತದೆ. ಹೊರಗೆ 26 ಡಿಗ್ರಿ, ಒಳಗೆ 13 ಡಿಗ್ರಿ ಇರುವಾಗ ಪ್ಲಾಸ್ಟರ್ ಮಾಡಿದ ಒಂಬತ್ತು ಅಂಗುಲದ ಬರಿಯ ಇಟ್ಟಿಗೆಯ ಆವರಣದ ಮೂಲಕ ಸುಮಾರು 700 ವಾಟ್ ಶಾಖ ಒಳನುಗ್ಗುತ್ತದೆ. ಅದೇ ಆರೂ ಕಡೆ ಹತ್ತು ಸೆಂಟಿಮೀಟರ್ ದಪ್ಪದ ಪಾಲಿಯುರಿಥೇನ್ ಹೊದಿಕೆಯಿದ್ದರೆ ಅದು 90 ವಾಟ್‌ಗೆ ಇಳಿಯುತ್ತದೆ. ಈ ವ್ಯತ್ಯಾಸದ ಬೆಲೆ ವಿದ್ಯುತ್ ಬಿಲ್ಲಿನಲ್ಲಷ್ಟೇ ಅಲ್ಲ, ವಿದ್ಯುತ್ ಹೋದಾಗಲೂ ತಿಳಿಯುತ್ತದೆ. ಅಂತಹ ಕೋಣೆಯಲ್ಲಿ 500 ಬಾಟಲಿಗಳಿದ್ದರೆ ಅವುಗಳೊಳಗಿನ 375 ಲೀಟರ್ ದ್ರವವೂ ಗಾಜೂ ಹೀರಿಕೊಳ್ಳುವ ಶಾಖ ಅಪಾರವಾದುದರಿಂದ, ಯಂತ್ರ ನಿಂತರೂ ಉಷ್ಣಾಂಶ ಒಂದು ಡಿಗ್ರಿ ಏರಲು ಐದಾರು ತಾಸು ಹಿಡಿಯುತ್ತದೆ. ಬರಿಯ ಇಟ್ಟಿಗೆಯ ಕೋಣೆಯಲ್ಲಿ ಅಷ್ಟು ಏರಿಕೆ ಒಂದು ತಾಸಿನೊಳಗೇ ಆಗಿಬಿಡುತ್ತದೆ.

ಶಾಖಕ್ಕಿಂತ ಹೆಚ್ಚು ಕೋಣೆಗಳನ್ನು ಕೆಡಿಸುವುದು ನೀರಾವಿ, ಮತ್ತು ಕಟ್ಟುವವರು ಅತಿ ಕಡಿಮೆ ಗಮನ ಕೊಡುವುದೂ ಅದಕ್ಕೇ. ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುವ ಹಾಗೆಯೇ ತಂಪಾದ ಗೋಡೆಯೂ ಬೆವರುತ್ತದೆ. ಗಾಳಿಯು ಯಾವ ಉಷ್ಣಾಂಶಕ್ಕೆ ಇಳಿದಾಗ ತನ್ನಲ್ಲಿರುವ ಆವಿಯನ್ನು ನೀರಾಗಿ ಬಿಡಲು ತೊಡಗುತ್ತದೆಯೋ ಅದನ್ನು ಇಬ್ಬನಿ ಬಿಂದು ಎನ್ನುತ್ತಾರೆ. ಬೆಂಗಳೂರಿನಲ್ಲಿ 27 ಡಿಗ್ರಿ ಉಷ್ಣಾಂಶ ಮತ್ತು ಶೇ 65ರ ಆರ್ದ್ರತೆ ಇರುವ ದಿನ ಅದು ಸುಮಾರು 20 ಡಿಗ್ರಿ. ಮಂಗಳೂರಿನಲ್ಲಿ 30 ಡಿಗ್ರಿ ಮತ್ತು ಶೇ 80 ಇರುವ ದಿನ 26 ಡಿಗ್ರಿ. 13 ಡಿಗ್ರಿಯ ಕೋಣೆಯ ಕಡೆಗೆ ಹೊರಗಿನ ಆವಿ ಗೋಡೆಯ ರಂಧ್ರಗಳ ಮೂಲಕ ಸದಾ ಸಾಗುತ್ತಿರುತ್ತದೆ, ದಾರಿಯ ನಡುವೆ ಇಬ್ಬನಿ ಬಿಂದುವನ್ನು ತಲುಪಿ ಅಲ್ಲಿಯೇ ನೀರಾಗುತ್ತದೆ, ಮತ್ತು ಕಣ್ಣಿಗೆ ಕಾಣದ ಆ ತೇವದಿಂದ ಮರ ಕೊಳೆತು, ಬೂಷ್ಟು ಹಿಡಿದು, ನೆನೆದ ಉಷ್ಣನಿರೋಧಕವು ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಇದನ್ನು ತಡೆಯುವುದು ಆವಿತಡೆ ಎಂಬ ಪದರ, ಅಂದರೆ ದಪ್ಪ ಪಾಲಿಥೀನ್ ಹಾಳೆ ಅಥವಾ ಲೋಹದ ಹೊದಿಕೆ. ಅದು ಇರಬೇಕಾದ ಸ್ಥಾನ ಉಷ್ಣನಿರೋಧಕದ ಬೆಚ್ಚಗಿನ ಕಡೆ, ಅಂದರೆ ಕೋಣೆಯ ಹೊರಮಗ್ಗುಲು. ಚಳಿದೇಶಗಳ ಮನೆಗಳಲ್ಲಿ ಬೆಚ್ಚಗಿನ ಕಡೆ ಒಳಗಿರುವುದರಿಂದ ಅಲ್ಲಿನ ಕೈಪಿಡಿಗಳು ಸಾಮಾನ್ಯ ಗೋಡೆಗೆ ಹಾಳೆಯನ್ನು ಒಳಮಗ್ಗುಲಿಗೆ ಹಾಕಿಸುತ್ತವೆ. ಆ ಚಿತ್ರವನ್ನು ನೋಡಿ ಇಲ್ಲಿನ ವೈನ್ ಕೋಣೆಗೆ ಹಾಗೆಯೇ ಹಾಕಿದರೆ ತೇವವು ಗೋಡೆಯೊಳಗೇ ಸೆರೆಯಾಗುತ್ತದೆ. ಪಫ್ ಪ್ಯಾನೆಲಿನ ಲೋಹದ ಹಾಳೆ ತಾನೇ ಆವಿತಡೆಯಾಗುತ್ತದಾದರೂ, ಕೀಲುಗಳನ್ನೂ ವೈರು ಹಾಯ್ದ ರಂಧ್ರಗಳನ್ನೂ ಸಿಲಿಕೋನ್‌ನಿಂದ ಬಿಗಿಯಾಗಿ ಮುಚ್ಚದಿದ್ದರೆ ಅದರ ಪ್ರಯೋಜನವಿಲ್ಲ.

ತಂಪುಮಾಡುವ ಯಂತ್ರದ ವಿಷಯದಲ್ಲಿ ಸಾಮಾನ್ಯ ಏಸಿಯೇ ಸಾಕೆಂಬ ನಂಬಿಕೆ ವ್ಯಾಪಕವಾಗಿದೆ. ಮನೆಯ ಏಸಿಗಳನ್ನು ಸಾಮಾನ್ಯವಾಗಿ 16 ಡಿಗ್ರಿಗಿಂತ ಕೆಳಗೆ ಹೊಂದಿಸಲಾಗುವುದಿಲ್ಲ, ಮೇಲಾಗಿ ಅವು ಗಾಳಿಯಿಂದ ತೇವವನ್ನು ಹಿಂಡಿ ತೆಗೆಯುವಂತೆ ರೂಪಿತವಾದವು. ಅಂತಹ ಒಣ ಗಾಳಿಯಲ್ಲಿ, ಪೋರ್ಚುಗಲ್‌ನಲ್ಲಿ ಹೇರಳವಾಗಿ ಬೆಳೆಯುವ ಒಂದು ಬಗೆಯ ಓಕ್ ಮರದ ತೊಗಟೆಯಿಂದ ಮಾಡುವ ಕಾರ್ಕ್ ಬಿರಡೆ ಒಣಗಿ ಕುಗ್ಗಿದರೆ ಗಾಳಿಗೆ ದಾರಿಯಾಗುತ್ತದೆ. ಬಾಟಲಿಗಳನ್ನು ಮಲಗಿಸಿ ಇಡುವುದೂ ಬಿರಡೆಯ ಒಳತುದಿ ತೇವವಾಗಿರಲೆಂದೇ. ವೈನ್ ಕೋಣೆಗೆಂದೇ ತಯಾರಾದ ಯಂತ್ರವು ನಿಧಾನವಾಗಿ ತಣಿಸಿ ಆರ್ದ್ರತೆಯನ್ನು ಉಳಿಸುತ್ತದೆ, ಆದರೆ ಒಳಗಿನಿಂದ ತೆಗೆದ ಶಾಖವನ್ನು ಎಲ್ಲಿಗಾದರೂ ಚೆಲ್ಲಲೇಬೇಕಾದುದರಿಂದ ಅದರ ಹಿಂಬದಿ ಗಾಳಿಯಾಡುವ ಜಾಗಕ್ಕೆ ತೆರೆದುಕೊಂಡಿರಬೇಕು.

ಬಾಗಿಲು ಪೂರ್ತಿ ಗಾಜಿನದಾಗಿರಬೇಕೆಂಬುದು ಈಗಿನ ಅಭಿರುಚಿ. ಒಂಟಿ ಗಾಜು ಮಳೆಗಾಲದಲ್ಲಿ ಬೆವರಿ ನೆಲವನ್ನು ಒದ್ದೆಮಾಡುತ್ತದೆ. ಗಾಜು ಬೇಕೇ ಬೇಕೆಂದರೆ ನಡುವೆ ಗಾಳಿಯ ಪದರವಿರುವ ಜೋಡಿ ಗಾಜು ಮತ್ತು ಸುತ್ತಲೂ ರಬ್ಬರ್ ಪಟ್ಟಿ ಅನಿವಾರ್ಯ. ಬೆಳಕಿನ ಹಾನಿಯೂ ಕಲ್ಪನೆಯಲ್ಲ. ನೇರಳಾತೀತ ಮತ್ತು ನೀಲಿ ಕಿರಣಗಳು ವೈನಿನಲ್ಲಿರುವ ರೈಬೊಫ್ಲೇವಿನ್ ಎಂಬ ಜೀವಸತ್ವವನ್ನು ಕೆರಳಿಸಿ ಗಂಧಕದ ದುರ್ವಾಸನೆಯ ಸಂಯುಕ್ತಗಳನ್ನು ಹುಟ್ಟಿಸುತ್ತವೆ. ಲೂಯಿ ರೋಡೆರರ್ ಸಂಸ್ಥೆಯ ಕ್ರಿಸ್ಟಲ್ ಎಂಬ ಷಾಂಪೇನ್ ಬಣ್ಣವಿಲ್ಲದ ಗಾಜಿನಲ್ಲಿ ಬರುವುದರಿಂದಲೇ ಅದಕ್ಕೆ ಕಿತ್ತಳೆ ಛಾಯೆಯ ರಕ್ಷಣಾ ಹಾಳೆಯನ್ನು ಸುತ್ತಲಾಗುತ್ತದೆ.

ಬಾಟಲಿಗಳನ್ನು ಜೋಡಿಸುವ ಚೌಕಟ್ಟುಗಳ ಅಂದಕ್ಕೆ ಹೆಚ್ಚಿನ ಹಣ ಹೋಗುತ್ತದೆ, ಆದರೆ ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ತುಂಬಿದ ಬಾಟಲಿಯ ತೂಕ ಸುಮಾರು 1.3 ಕಿಲೋ, 500 ಬಾಟಲಿಗಳದು 650 ಕಿಲೋ. ವಾಸದ ಕೋಣೆಗಳ ಮಹಡಿಗೆ ಭಾರತೀಯ ಮಾನಕ 875 ಗೊತ್ತುಪಡಿಸಿದ ಬಳಕೆಯ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಎರಡು ಗೋಡೆಗಳಿಗೆ ಒತ್ತಿ ನಿಂತ ಚೌಕಟ್ಟುಗಳ ಕೆಳಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ಭಾರ ಬೀಳುವುದರಿಂದ, ಮೇಲಂತಸ್ತಿನ ಫ್ಲ್ಯಾಟುಗಳಲ್ಲಿ ರಚನಾ ಎಂಜಿನಿಯರರ ಒಪ್ಪಿಗೆಯಿಲ್ಲದೆ ಈ ಕೆಲಸಕ್ಕೆ ಕೈಹಾಕುವಂತಿಲ್ಲ. ಮರದ ಆಯ್ಕೆಯಲ್ಲಿಯೂ ಒಂದು ಗಂಭೀರ ಅಪಾಯವಿದೆ. ವೈನಿಗೆ ಒದ್ದೆ ರಟ್ಟಿನಂತಹ ವಾಸನೆ ಬರಿಸುವ ಟ್ರೈಕ್ಲೋರೊಅನಿಸೋಲ್ ಎಂಬ ವಸ್ತುವನ್ನು 1981ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಗುರುತಿಸಿದರು. ಕ್ಲೋರಿನ್ ಸೋಂಕಿದ ಮರದ ಮೇಲೆ ಬೂಷ್ಟು ಬೆಳೆದಾಗ ಅದು ಉಂಟಾಗುತ್ತದೆ, ಮತ್ತು ಬಿರಡೆಗಳಿಂದ ಮಾತ್ರವಲ್ಲದೆ ಕೋಣೆಯ ತೊಲೆಗಳಿಂದಲೂ ಹರಡಬಲ್ಲದು. ಹಾಗಾಗಿ ಗೆದ್ದಲು ಹಿಡಿಯದಿರಲೆಂದು ಕ್ಲೋರಿನ್ ಇರುವ ರಾಸಾಯನಿಕದಲ್ಲಿ ಅದ್ದಿದ ಮರವನ್ನು ಬಳಸಬಾರದು, ಬ್ಲೀಚಿಂಗ್ ಪುಡಿಯಿಂದ ಕೋಣೆಯನ್ನು ತೊಳೆಯಬಾರದು. ಸಾಗುವಾನಿಯೋ ಲೋಹವೋ ಆಗಬಹುದು. ವಾರ್ನಿಷಿನ ವಾಸನೆ ಪೂರ್ತಿ ಆರಿದ ಮೇಲೆಯೇ ಬಾಟಲಿಗಳು ಒಳಗೆ ಬರಬೇಕು.

ಇಷ್ಟೆಲ್ಲ ವ್ಯವಸ್ಥೆಗೆ ಅರ್ಹವಾದ ವೈನ್ ಎಷ್ಟು ಎಂಬುದನ್ನೂ ನೇರವಾಗಿ ನೋಡಬೇಕು. ಜಗತ್ತಿನಲ್ಲಿ ತಯಾರಾಗುವ ವೈನಿನ ಬಹುಪಾಲು ಕೆಲವೇ ವರ್ಷಗಳೊಳಗೆ ಕುಡಿಯಲೆಂದು ಮಾಡಿದ್ದು. ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಗ್ರೋವರ್ ಕುಟುಂಬ ಬೆಳೆಸಿದ ತೋಟಗಳು, ಹಂಪಿಯ ಆಸುಪಾಸಿನ ಕೃಷ್ಮಾ ತೋಟ, 2007ರ ರಾಜ್ಯ ದ್ರಾಕ್ಷಾರಸ ನೀತಿಯ ಬಳಿಕ ತಲೆಯೆತ್ತಿದ ಘಟಕಗಳು ಒಳ್ಳೆಯ ವೈನ್ ಕೊಡುತ್ತಿವೆಯಾದರೂ, ಓಕ್ ಪೀಪಾಯಿಗಳಲ್ಲಿ ಮಾಗಿಸಿದ ಕೆಲವು ಕೆಂಪು ವೈನ್‌ಗಳನ್ನು ಬಿಟ್ಟರೆ ಉಳಿದವುಗಳಿಗೆ ದಶಕಗಳ ಕಾಯುವಿಕೆ ಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿಯೋ ಆಸ್ಟ್ರೇಲಿಯಾದಲ್ಲಿಯೋ ನೆಲೆಸಿ ನೂರಾರು ಬಾಟಲಿಗಳನ್ನು ಸಂಗ್ರಹಿಸುವ ಕನ್ನಡಿಗರಿಗೆ ಕೋಣೆ ಕಟ್ಟಿಸುವುದು ಸಮಂಜಸವಾದ ಯೋಚನೆ. ಕರ್ನಾಟಕದ ಮನೆಗಳಿಗೆ ಮಾತ್ರ, ಕೆಲವು ಡಜನ್ ಬಾಟಲಿಗಳನ್ನು 12 ಡಿಗ್ರಿಯಲ್ಲಿ ಕಾಪಾಡುವ, ಫ್ರಿಜ್ಜಿನಷ್ಟೇ ಜಾಗ ಬೇಡುವ ವೈನ್ ಕಪಾಟು ಹೆಚ್ಚಿನ ಸಂದರ್ಭಗಳಲ್ಲಿ ಸರಿಯಾದ ಉತ್ತರ. ಇದಕ್ಕೆ ಕಾನೂನಿನ ಕಾರಣವೂ ಇದೆ: ರಾಜ್ಯದ ಅಬಕಾರಿ ನಿಯಮಗಳು ವ್ಯಕ್ತಿಯೊಬ್ಬರು ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಮದ್ಯದ ಪ್ರಮಾಣಕ್ಕೆ ಬಗೆಬಗೆಗೆ ಬೇರೆ ಬೇರೆಯಾಗಿ ಲೀಟರ್‌ಗಳ ಮಿತಿಯನ್ನು ವಿಧಿಸಿವೆ, ಮತ್ತು ನೂರಾರು ಬಾಟಲಿಗಳ ಸಂಗ್ರಹ ಅದನ್ನು ಮೀರುತ್ತದೆ. ಕೋಣೆಯ ನಕ್ಷೆ ಬರೆಸುವುದಕ್ಕೂ ಬಡಗಿಯನ್ನು ಕರೆಸುವುದಕ್ಕೂ ಮೊದಲು ಓದುಗರು ಹತ್ತಿರದ ಅಬಕಾರಿ ಕಚೇರಿಯಲ್ಲಿ ಆ ಮಿತಿಯನ್ನು ಲಿಖಿತವಾಗಿ ತಿಳಿದುಕೊಂಡು, ಅದಕ್ಕೆ ತಕ್ಕ ಅಳತೆಯನ್ನು ಗೊತ್ತುಮಾಡಿಕೊಳ್ಳಬೇಕು.